ಅವ್ವನ ಬೀಜದ ಗಡಿಗೆ

“ಟೀಚರ್ರೇ, ಬೀಜ ಹಾಕಿ ತಿಂಗಳುಗಟ್ಟಲೆ ಕಾಯೋದ್ಯಾಕ್ರೀ? ದುಡ್ಡು ಕೊಟ್ರ ಸಸಿ ಸಿಗ್ತಾವಲ್ಲ!” ಎಂದು ಪಕ್ಕದ ಮನೆಯಾಕೆ ನಕ್ಕಳು. ನನಗೆ ನಗು ಬರಲಿಲ್ಲ. ಒಂದು ಕಾಲಕ್ಕೆ ನಾನೂ ಇದೇ ಮಾತಾಡಿದವಳು, ಅದಕ್ಕೆ ದಂಡವನ್ನೂ ತೆತ್ತವಳು.

ನಮ್ಮ ಅವ್ವನದೊಂದು ಬದನೆ ತಳಿಯಿತ್ತು. ಗುಂಡನೆಯ ಕಾಯಿ, ಹಸಿರು ಗೆರೆ, ತೊಟ್ಟಿನ ತುಂಬ ಮುಳ್ಳು. ರೂಪನಗುಡಿಯ ಎರೆ ಮಣ್ಣಿಗೂ ಬಿಸಿಲಿಗೂ ಒಗ್ಗಿದ ಗಿಡ. ವರ್ಷವೂ ಚೆಂದದ ಒಂದೆರಡು ಕಾಯಿಯನ್ನು ಗಿಡದಲ್ಲೇ ಹಳದಿ ತಿರುಗುವತನಕ ಬಿಟ್ಟು, ಬೀಜ ತೊಳೆದು, ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಗಡಿಗೆಯಲ್ಲಿಡುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಆ ಗಡಿಗೆ ನನ್ನ ಪಾಲಿಗೆ ಬಂತು. ನನಗೋ ಶಾಲೆ, ಪರೀಕ್ಷೆ, ಜನಗಣತಿ, ಚುನಾವಣೆ ಕೆಲಸ. ಮಳೆಗಾಲ ಬಂದಾಗಲೆಲ್ಲ ಸಸಿ ಕೊಂಡು ತಂದು ನೆಟ್ಟೆ. ಏಳನೆಯ ವರ್ಷ ನೆನಪಾಗಿ ಗಡಿಗೆಯ ಬೀಜ ಬಿತ್ತಿದೆ. ಒಂದೂ ಮೊಳೆಯಲಿಲ್ಲ. ಜತನವಾಗಿ ಇಟ್ಟರೂ ಬದನೆ ಬೀಜದ ಆಯಸ್ಸು ನಾಲ್ಕೈದು ವರ್ಷ. ನಮ್ಮ ಸೆಕೆಯಲ್ಲಿ ಅದೂ ಇಲ್ಲ.

ಕೊಂಡ ಸಸಿಯನ್ನು ನಾನು ಹಳಿಯುತ್ತಿಲ್ಲ. ಎಕರೆಗಟ್ಟಲೆ ಮೆಣಸಿನಕಾಯಿ ನಾಟಿ ಮಾಡುವ ರೈತ ನರ್ಸರಿಯಿಂದ ಟ್ರೇ ಸಸಿ ತಂದರೆ ಅದು ಅವನ ಲೆಕ್ಕಾಚಾರ. ಮಲ್ಲಿಗೆ ಕಡ್ಡಿಯಿಂದಲೇ ಆಗಬೇಕು, ಒಳ್ಳೆಯ ಮಾವು ಕಸಿಯಿಂದಲೇ ಬರಬೇಕು. ಆದರೆ ಅಂಗಳದ ಹತ್ತು ಗಿಡಕ್ಕೂ ಅಂಗಡಿಯೇ ಬೇಕೆ? ಟೊಮ್ಯಾಟೊ ಒಂದು ವಾರಕ್ಕೆ ಮೊಳೆಯುತ್ತದೆ, ಮೆಣಸಿನ ಬೀಜ ಹತ್ತು ಹನ್ನೆರಡು ದಿನಕ್ಕೆ. ತಿಂಗಳೊಪ್ಪತ್ತು ದಿನ ಕಾದರೆ ನಾಟಿಗೆ ಸಿದ್ಧ. ಬೆಂಡೆ, ಹೀರೆ, ಅವರೆಗಳಿಗಂತೂ ಸಸಿಯ ಮಾತೇ ಬೇಡ, ನೆಲಕ್ಕೇ ಊರಿದರಾಯಿತು.

ಇನ್ನೊಂದು ಮಾತು. ಕೊಂಡು ತರುವ ತರಕಾರಿ ಸಸಿಗಳಲ್ಲಿ ಬಹಳಷ್ಟು ಹೈಬ್ರಿಡ್. ಅವುಗಳ ಹಣ್ಣಿನ ಬೀಜ ಬಿತ್ತಿದರೆ ಗಿಡವೇನೋ ಬರುತ್ತದೆ, ತಾಯಿಯ ಗುಣ ಬರುವುದಿಲ್ಲ. ಮುಂದಿನ ವರ್ಷ ಮತ್ತೆ ಅಂಗಡಿಯೇ ಗತಿ. ಬೀಜ ಉಳಿಸಿಕೊಳ್ಳುವ, ಹಂಚಿಕೊಳ್ಳುವ ಹಕ್ಕು ರೈತರಿಗಿದೆ ಎಂದು 2001ರ ಸಸ್ಯ ತಳಿ ಸಂರಕ್ಷಣಾ ಕಾಯ್ದೆ ಹೇಳಿತು. ಬೀಜವೇ ಉಳಿಯದಿದ್ದರೆ ಹಕ್ಕನ್ನು ಕಟ್ಟಿಕೊಂಡು ಏನು ಮಾಡೋಣ? ಶಿರಸಿ ಕಡೆಯ ಹೆಣ್ಣುಮಕ್ಕಳು ‘ವನಸ್ತ್ರೀ’ ಎಂಬ ಗುಂಪು ಕಟ್ಟಿಕೊಂಡು ಮನೆಯಂಗಳದ ಬೀಜಗಳನ್ನು ಕಾಪಾಡುತ್ತ ಬಂದಿದ್ದಾರೆ. ಅವರಿಗೂ ಮನೆಗೆಲಸ ಇದ್ದೇ ಇದೆ.

“ಪುರುಸೊತ್ತಿಲ್ಲ” ಅನ್ನಬೇಡಿ, ಅಕ್ಕಂದಿರೇ. ನವರಾತ್ರಿಯಲ್ಲಿ ಘಟ ಹಾಕಿ, ಒಂಬತ್ತು ದಿನ ತಪ್ಪದೆ ನೀರು ಚಿಮುಕಿಸಿ ಸಸಿ ಬೆಳೆಸುವವರು ನಾವೇ ಅಲ್ಲವೆ? ಆ ಶ್ರದ್ಧೆಯನ್ನು ಇನ್ನಷ್ಟು ದಿನ ಹಿತ್ತಲಿಗೂ ತೋರಿಸಿದರೆ ಸಾಕು.

ನಿಮ್ಮ ತವರಿನ ಬೀಜ ಇನ್ನೂ ಇದ್ದರೆ ಈ ವರ್ಷವೇ ಬಿತ್ತಿ. ಒಂದು ಕಾಯಿ ಹಣ್ಣಾಗಲು ಬಿಡಿ, ಒಂದು ಹಿಡಿ ನೆರೆಮನೆಗೂ ಕೊಡಿ. ಅವ್ವ ಯಾರಿಗಾದರೂ ಹಾಗೆ ಕೊಟ್ಟಿದ್ದಳೇನೋ ಎಂದು ನಾನು ಊರಲ್ಲಿ ಇಂದಿಗೂ ಕೇಳುತ್ತಲೇ ಇದ್ದೇನೆ.