ಎರಡು ದಿರ್ಹಮ್‌ಗಳ ಪಾಠ

ಕಿರುಸಾಲ ವಸೂಲಿಗಾರರ ಕಿರುಕುಳವನ್ನು ತಡೆಯಲು ರಾಜ್ಯ ಸರಕಾರವು 2025ರ ಫೆಬ್ರವರಿಯಲ್ಲಿ ಅಧ್ಯಾದೇಶ ಹೊರಡಿಸಿತು. ಆ ಕ್ರಮ ಸ್ವಾಗತಾರ್ಹ. ಆದರೆ ನಮ್ಮ ಮನೆಗಳು ಆ ಸಾಲದ ಬಾಗಿಲಿಗೆ ಹೋಗುವುದೇಕೆ ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿಲ್ಲ. ಅದನ್ನು ನಾವೇ ಹುಡುಕಬೇಕಾಗಿದೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ದಿನಗೂಲಿಯೋ ಸಣ್ಣ ವ್ಯಾಪಾರವೋ ಸಂಸಾರಕ್ಕೆ ಸಾಲದಾದಾಗ ಉಪವೃತ್ತಿಯೊಂದರ ಯೋಚನೆ ಹುಟ್ಟುತ್ತದೆ. ಹೊಲಿಗೆ, ಮಸಾಲೆ ಪುಡಿ, ಶ್ಯಾವಿಗೆ ಯಾವುದೇ ಇರಲಿ, ಯೋಚನೆ ಒಳ್ಳೆಯದೇ. ಆದರೆ ಅದರ ಮೊದಲ ಹೆಜ್ಜೆಯೇ ವಾರದ ಕಂತಿನ ಸಾಲವಾದರೆ, ಗಳಿಕೆ ಆರಂಭವಾಗುವ ಮುನ್ನವೇ ಕಂತು ಬಾಗಿಲಲ್ಲಿ ನಿಂತಿರುತ್ತದೆ.

ಅಬೂದಾವೂದ್ ಹದೀಸ್ ಸಂಗ್ರಹದಲ್ಲಿ ಒಂದು ಘಟನೆಯಿದೆ. ಬೇಡಲು ಬಂದ ಅನ್ಸಾರಿಯೊಬ್ಬರೊಡನೆ ಪ್ರವಾದಿ(ಸ)ಯವರು, ಮನೆಯಲ್ಲಿ ಏನಿದೆಯೆಂದು ವಿಚಾರಿಸಿದರು. ಇದ್ದದ್ದು ಒಂದು ಬಟ್ಟೆ, ಒಂದು ಬಟ್ಟಲು. ಅವನ್ನು ತರಿಸಿ ಹರಾಜು ಹಾಕಿದಾಗ ಎರಡು ದಿರ್ಹಮ್ ಬಂತು. ಒಂದರಿಂದ ಮನೆಯವರಿಗೆ ಆಹಾರ, ಇನ್ನೊಂದರಿಂದ ಕೊಡಲಿ. ಪ್ರವಾದಿಯವರು(ಸ) ತಮ್ಮ ಕೈಯಾರೆ ಕೊಡಲಿಗೆ ಹಿಡಿ ಜೋಡಿಸಿ, ಸೌದೆ ಕಡಿದು ಮಾರುವಂತೆಯೂ ಹದಿನೈದು ದಿನ ತಮಗೆ ಕಾಣಿಸಿಕೊಳ್ಳದಂತೆಯೂ ಹೇಳಿ ಕಳುಹಿಸಿದರು. ಅವರು ಹತ್ತು ದಿರ್ಹಮ್ ಗಳಿಸಿ ಮರಳಿದರು.

ಈ ಘಟನೆಯನ್ನು ಭಿಕ್ಷೆಯ ಖಂಡನೆಗೆ ಮಾತ್ರ ಉಲ್ಲೇಖಿಸುವುದು ನಮ್ಮ ವಾಡಿಕೆ. ಅದರಲ್ಲಿರುವ ಯೋಜನೆಯನ್ನು ಗಮನಿಸಿದವರು ಕಡಿಮೆ. ಊಟದ ಹಣ ಮತ್ತು ಬಂಡವಾಳ ಬೇರೆ ಬೇರೆ. ಕಳೆದುಕೊಂಡರೂ ಮನೆ ಮುಳುಗದಷ್ಟೇ ಹೂಡಿಕೆ. ಊರಿಗೆ ದಿನವೂ ಬೇಕಾದ ಸರಕು. ಪರೀಕ್ಷೆಗೆ ನಿಶ್ಚಿತ ಅವಧಿ. ಕೊನೆಯಲ್ಲಿ ಲೆಕ್ಕ.

ಇಂದಿಗೂ ಮೊದಲು ಬೇಕಾದದ್ದು ಈ ಲೆಕ್ಕವೇ. ಸಹೋದರಿಯೊಬ್ಬರು ಮಸಾಲೆ ಪುಡಿಯ ಸಾಮಗ್ರಿಗೆ 1,400, ಗಿರಣಿ ಮತ್ತು ಗ್ಯಾಸಿಗೆ 200, ಪೊಟ್ಟಣಕ್ಕೆ 100 ರೂಪಾಯಿ ವ್ಯಯಿಸಿ, 2,200ಕ್ಕೆ ಮಾರಿದರೆಂದು ಭಾವಿಸೋಣ. ಉಳಿದದ್ದು 500. ಅದಕ್ಕೆ 20 ಗಂಟೆ ದುಡಿದಿದ್ದರೆ ಗಂಟೆಗೆ 25 ರೂಪಾಯಿ. ಅಷ್ಟು ಸಾಕೇ ಎಂಬುದನ್ನು ಅವರೇ ನಿರ್ಧರಿಸಲಿ. ನೆಂಟರಿಗೆ ಉದ್ರಿ ಕೊಟ್ಟ 600 ರೂಪಾಯಿ ಬಾರದೇ ಹೋದರೆ ಅಸಲಿನಲ್ಲೇ 100 ರೂಪಾಯಿ ನಷ್ಟ. ಇದನ್ನು ಬರೆದಿಡಲು ಒಂದು ನೋಟ್‌ಬುಕ್ ಸಾಕು.

1959ರ ಮಾರ್ಚ್ 15ರಂದು ಮುಂಬಯಿಯ ಗಿರ್‌ಗಾಂವ್‌ನಲ್ಲಿ ಏಳು ಮಂದಿ ಮಹಿಳೆಯರು 80 ರೂಪಾಯಿ ಸಾಲ ಪಡೆದು ಹಪ್ಪಳ ಮಾಡತೊಡಗಿದರು. ಮೊದಲ ದಿನ ತಯಾರಾದದ್ದು ನಾಲ್ಕೇ ಪೊಟ್ಟಣ. ನಷ್ಟವಾದರೂ ದೇಣಿಗೆ ಕೇಳಬಾರದೆಂದು ಅವರು ನಿಶ್ಚಯಿಸಿದ್ದರು. ಲಿಜ್ಜತ್ ಪಾಪಡ್ ಬೆಳೆದದ್ದು ಅಲ್ಲಿಂದ. ಅವರೂ ಸಾಲ ಪಡೆದರು ನಿಜ. ಆದರೆ ಅದು ತೀರಿಸಬಲ್ಲಷ್ಟು ಸಣ್ಣದಾಗಿತ್ತು.

ನಮ್ಮಲ್ಲಿ ಅನುಕೂಲಗಳು ಇಲ್ಲವೆನ್ನುವಂತಿಲ್ಲ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯು ಮಹಿಳೆಯರ ಸರಕಾರಿ ಬಸ್ ಪ್ರಯಾಣವನ್ನು ಉಚಿತಗೊಳಿಸಿತು. ಹೊಳೆನರಸೀಪುರದ ಸರಕಿಗೆ ಹಾಸನದ ಗಿರಾಕಿ ದೂರವಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿಯಲ್ಲಿ ಸ್ವಲ್ಪ ಸ್ವಲ್ಪವೇ ತೆಗೆದಿಟ್ಟು ಬಂಡವಾಳ ಕೂಡಿಸಬಹುದು. ಆ ಹಣದ ಮೇಲೆ ಕೈಹಾಕದಿರುವ ಸಂಯಮವನ್ನು ಮನೆಯ ಗಂಡಸರು ತೋರಬೇಕಷ್ಟೆ. ಪತ್ನಿಯ ಗಳಿಕೆ ಪತ್ನಿಯದೇ ಎಂಬುದು ಶರೀಅತ್ತಿನ ಸ್ಪಷ್ಟ ನಿಲುವು. ತಿನಿಸು ಮಾರುವವರು ಆಹಾರ ಸುರಕ್ಷತೆಯ ನೋಂದಣಿಯನ್ನೂ ಮರೆಯಬಾರದು.

ಇನ್ನು ನಮ್ಮ ಜಮಾಅತ್‌ಗಳ ಹೊಣೆ. ಮದುವೆ ಮಂಟಪಕ್ಕೆ ಲಕ್ಷಗಳನ್ನು ಸುರಿಯುವ ಮೊಹಲ್ಲಾದಲ್ಲಿ, ಹೊಲಿಗೆ ಯಂತ್ರಕ್ಕೆ ಐದು ಸಾವಿರ ಬೇಕಾದವಳು ಬಡ್ಡಿಯವನ ಮುಂದೆ ನಿಲ್ಲಬೇಕೇ? ಇಪ್ಪತ್ತು ಮನೆಗಳು ತಲಾ 500 ರೂಪಾಯಿ ಹಾಕಿದರೆ ಹತ್ತು ಸಾವಿರವಾಗುತ್ತದೆ. ಇಬ್ಬರಿಗೆ ಬಡ್ಡಿರಹಿತವಾಗಿ ಐದೈದು ಸಾವಿರ ಕೊಟ್ಟು, ತಿಂಗಳಿಗೆ 500ರಂತೆ ಹತ್ತು ತಿಂಗಳಲ್ಲಿ ಮರಳಿ ಪಡೆದರೆ, ಅದೇ ಹಣ ಮತ್ತಿಬ್ಬರಿಗೆ ಸಿಗುತ್ತದೆ. ಪಡೆದವರ ಹೆಸರು ಗುಟ್ಟಾಗಿರಲಿ, ಲೆಕ್ಕ ಬಹಿರಂಗವಾಗಿರಲಿ.

ಪ್ರವಾದಿಯವರು(ಸ) ಆ ಬಡವನಿಗೆ ಉಪದೇಶವನ್ನಷ್ಟೇ ನೀಡಿ ಕಳುಹಿಸಲಿಲ್ಲ, ಕೊಡಲಿಗೆ ಹಿಡಿಯನ್ನೂ ಜೋಡಿಸಿಕೊಟ್ಟರು. ದುಡಿಯಲು ಸಿದ್ಧರಿರುವ ಕೈಗಳು ನಮ್ಮ ಮೊಹಲ್ಲಾಗಳಲ್ಲಿ ಬೇಕಾದಷ್ಟಿವೆ. ಹಿಡಿ ಜೋಡಿಸುವವರು ಎಷ್ಟು ಮಂದಿ?