ಹವಳಕ್ಕೆ ಮೊದಲು ತಂಪು, ಆಮೇಲೆ ಬೆಳಕು

ಲಕ್ಷದ್ವೀಪದ ಹವಳದ ದಿಬ್ಬಗಳನ್ನು ಕಾಲು ಶತಮಾನದಿಂದ ಅಳೆಯುತ್ತ ಬಂದಿರುವ ಸಂಸ್ಥೆಯೊಂದು ಇರುವುದು ಕಡಲ ದಂಡೆಯಲ್ಲಲ್ಲ, ಮೈಸೂರಿನಲ್ಲಿ. 1996ರಲ್ಲಿ ಹುಟ್ಟಿದ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ರೋಹನ್ ಆರ್ಥರ್ ಮತ್ತು ಸಂಗಡಿಗರು ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳ ಸುತ್ತ ನೀರಿಗಿಳಿದು ಬರೆದಿಟ್ಟ ಲೆಕ್ಕ ಎದೆ ಹಿಂಡುವಂಥದ್ದು. 1998ರಲ್ಲಿ ಅಲ್ಲಿನ ದಿಬ್ಬಗಳ ಸುಮಾರು ಶೇ 37 ಭಾಗವನ್ನು ಜೀವಂತ ಹವಳ ಹೊದ್ದಿತ್ತು. 2022ರ ಹೊತ್ತಿಗೆ ಅದು ಶೇ 20ಕ್ಕಿಂತ ಕೆಳಗಿಳಿಯಿತು. ನಡುವೆ ಆದದ್ದು ಮೂರು ದೊಡ್ಡ ಬಿಸಿ ಹೊಡೆತ: 1998, 2010 ಮತ್ತು 2016. ಕಡಲು ತನ್ನ ವಾಡಿಕೆಯ ಬೇಸಿಗೆಗಿಂತ ಒಂದೆರಡು ಡಿಗ್ರಿ ಹೆಚ್ಚು ಬೆಚ್ಚಗಾಗಿ ಕೆಲವು ವಾರ ಹಾಗೆಯೇ ಉಳಿಯಿತು. ಅಷ್ಟಕ್ಕೇ ಹವಳ ಬಿಳಿಚಿ ಸತ್ತಿತು. 2024ರ ಬೇಸಿಗೆಯಲ್ಲೂ ಲಕ್ಷದ್ವೀಪದ ಹವಳ ಮತ್ತೆ ಬಿಳಿಚಿತು.

ಮನೆಯಲ್ಲಿ ದೊಡ್ಡ ಹವಳದ ಅಕ್ವೇರಿಯಂ ಇಡಬೇಕೆಂದು ಹೊರಟವರು ಓದಬೇಕಾದ ಮೊದಲ ಪಾಠ ಇದು. ಅಂಗಡಿಗೆ ಹೋದವರು ಕೇಳುವ ಮೊದಲ ಪ್ರಶ್ನೆ ಮಾತ್ರ ಯಾವಾಗಲೂ ಬೆಳಕಿನದು: ಯಾವ ಕಂಪನಿಯ ಲೈಟು, ಎಷ್ಟು ವ್ಯಾಟು, ನೀಲಿ ಎಷ್ಟು, ಬಿಳಿ ಎಷ್ಟು. ಕೇಳಬೇಕಾದದ್ದು ಬೇರೆ. ಏಪ್ರಿಲ್ ತಿಂಗಳ ಮಧ್ಯಾಹ್ನ ನಾಲ್ಕು ಗಂಟೆಗೆ, ಕರೆಂಟು ಹೋಗಿ ಒಂದು ಗಂಟೆಯಾದ ಮೇಲೆ, ಆ ಗಾಜಿನ ತೊಟ್ಟಿಯ ನೀರು ಎಷ್ಟು ಡಿಗ್ರಿ ಇರುತ್ತದೆ? ಇದಕ್ಕೆ ಉತ್ತರ ಸಿಗುವವರೆಗೆ ಲೈಟಿನ ಮಾತು ಎತ್ತಬಾರದು.

ಕೆ.ಆರ್. ನಗರ ಸೀಮೆಯ ಮಿರ್ಲೆಯಲ್ಲಿ ಒಂದು ಮನೆಯನ್ನು ಊಹಿಸಿಕೊಂಡು ಲೆಕ್ಕ ಹಾಕೋಣ. ಐದಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿ. ತುಂಬಿದರೆ 566 ಲೀಟರ್. ಗಾಜು, ಕಲ್ಲು, ಮರಳು ಸೇರಿ ಏಳು ಕ್ವಿಂಟಲ್ ದಾಟುವ ತೂಕ, ಹಾಗಾಗಿ ಅಟ್ಟದ ಮೇಲೆ ಇಡುವ ಮಾತೇ ಇಲ್ಲ. ಪಶ್ಚಿಮದ ಗೋಡೆಗೆ ಒರಗಿಸಲೂ ಬಾರದು. ಸಂಜೆ ಬಿಸಿಲು ಕುಡಿದ ಗೋಡೆ ರಾತ್ರಿಯವರೆಗೂ ಕಾವು ಬಿಡುತ್ತಲೇ ಇರುತ್ತದೆ. ಮಣ್ಣಿನ ದಪ್ಪ ಗೋಡೆ, ಮಂಗಳೂರು ಹೆಂಚಿನ ಹಳೆಯ ಮನೆ ಇದ್ದರೆ ಅದರ ಒಳಕೋಣೆಯೇ ಎಲ್ಲಕ್ಕಿಂತ ಒಳ್ಳೆಯ ಜಾಗ. ತಾರಸಿ ಮನೆಯಾದರೆ ನೆಲಮಹಡಿಯ ಪೂರ್ವ ಇಲ್ಲವೇ ಉತ್ತರದ ಕೋಣೆ. ಕೋಣೆಯ ಆಯ್ಕೆಗೆ ಒಂದು ರೂಪಾಯಿ ಖರ್ಚಿಲ್ಲ, ಆದರೆ ಸಾವಿರಾರು ರೂಪಾಯಿಯ ಯಂತ್ರ ಮಾಡುವ ಕೆಲಸದ ಅರ್ಧವನ್ನು ಅದೇ ಮಾಡಿಬಿಡುತ್ತದೆ.

ಇಷ್ಟಾಗಿಯೂ ಬೆಳಕು ಬೇಕು, ಚೆನ್ನಾಗಿಯೇ ಬೇಕು. ಹವಳ ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ನೆಲೆಸಿರುತ್ತದೆ. ಬೆಳಕಿನಲ್ಲಿ ಆ ಪಾಚಿ ತಯಾರಿಸುವ ಸಕ್ಕರೆಯೇ ಅನೇಕ ಹವಳಗಳಿಗೆ ಬದುಕಲು ಬೇಕಾದ ಶಕ್ತಿಯ ಬಹುಪಾಲು. ಕಡಲಿನಲ್ಲಿ ಕೆಂಪು ಬೆಳಕು ಮೇಲಿನ ಕೆಲವೇ ಮೀಟರ್‌ಗಳಲ್ಲಿ ಅಡಗಿಹೋಗುತ್ತದೆ, ನೀಲಿ ಆಳಕ್ಕೆ ಇಳಿಯುತ್ತದೆ. ಅದಕ್ಕೇ ಈ ಪಾಚಿ 400ರಿಂದ 480 ನ್ಯಾನೊಮೀಟರ್ ನಡುವಿನ ನೇರಳೆ-ನೀಲಿ ಬೆಳಕಿಗೆ ಒಗ್ಗಿಕೊಂಡಿದೆ. ಅಂಗಡಿಯ ಲೈಟುಗಳು ನೀಲಿಯಾಗಿ ಹೊಳೆಯುವುದು ಅಂದಕ್ಕಷ್ಟೇ ಅಲ್ಲ.

ಎಷ್ಟು ಬೆಳಕು ಎಂಬುದನ್ನು ವ್ಯಾಟಿನಲ್ಲಿ ಅಳೆಯುವುದು ತಪ್ಪು. ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕಿಗೆ 'ಪಾರ್' ಎಂಬ ಅಳತೆಯಿದೆ. ನಮ್ಮ ಕಡೆಯ ಮಟಮಟ ಮಧ್ಯಾಹ್ನದ ಬಿಸಿಲು ಸುಮಾರು 2000 ಪಾರ್. ಅಣಬೆ ಹವಳ, ತೊಗಲು ಹವಳದಂಥ ಮೆತ್ತನೆಯ ಜಾತಿಗಳಿಗೆ 50ರಿಂದ 150 ಸಾಕು. ಕೊಂಬೆಕೊಂಬೆಯಾಗಿ ಬೆಳೆಯುವ ಅಕ್ರೊಪೊರಾದಂಥ ಕಲ್ಲು ಹವಳಕ್ಕೆ 200ರಿಂದ 350 ಬೇಕು. ದಿನಕ್ಕೆ ಎಂಟೊಂಬತ್ತು ಗಂಟೆ ಲೈಟು ಉರಿದರೆ ಸಾಕು. ಹೊಸ ಲೈಟು ತಂದ ದಿನವೇ ಪೂರ್ತಿ ಏರಿಸದೆ ಮೂರನೇ ಒಂದರಿಂದ ಶುರುಮಾಡಿ ಐದಾರು ವಾರ ಹಿಡಿದು ಏರಿಸಬೇಕು.

ಹೆಚ್ಚಿನವರು ಕಡೆಗಣಿಸುವ ಸಂಗತಿಯೊಂದು ಇಲ್ಲಿದೆ. ಹವಳವನ್ನು ಬಿಳಿಚಿಸುವುದರಲ್ಲಿ ಬಿಸಿ ಮತ್ತು ಬೆಳಕು ಜೋಡಿಯಾಗಿ ಕೆಲಸ ಮಾಡುತ್ತವೆ. ನೀರು ಕಾದಾಗ ಪಾಚಿಯ ದ್ಯುತಿಸಂಶ್ಲೇಷಣೆಯ ಕ್ರಮ ಕೆಡುತ್ತದೆ. ಕೆಟ್ಟ ಮೇಲೂ ಬೆಳಕು ಬೀಳುತ್ತಲೇ ಇದ್ದರೆ ಜೀವಕೋಶವನ್ನು ಸುಡುವ ಆಮ್ಲಜನಕದ ಉಗ್ರ ರೂಪಗಳು ಹುಟ್ಟುತ್ತವೆ, ಹವಳ ತನ್ನ ಪಾಚಿಯನ್ನೇ ಹೊರದಬ್ಬುತ್ತದೆ. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್ ಮೇಲೆ ಕಡಲ ನೀರನ್ನು ಮಂಜಿನಂತೆ ತೂರಿ, ಮೋಡವನ್ನು ಬೆಳ್ಳಗಾಗಿಸಿ ನೆರಳು ಕೊಡುವ ಪ್ರಯೋಗ 2020ರಲ್ಲಿ ನಡೆದದ್ದು ಈ ಕಾರಣಕ್ಕೆ. ಮನೆಯಲ್ಲಿ ಅದಕ್ಕೆ ಬೇಕಾದದ್ದು ಒಂದು ಗುಂಡಿ ಮಾತ್ರ: ನೀರು 28 ಡಿಗ್ರಿ ದಾಟಿತೆಂದರೆ ಬೆಳಕನ್ನು ಅರ್ಧಕ್ಕೆ ಇಳಿಸಬೇಕು, ಹೊತ್ತನ್ನೂ ಕಡಿಮೆ ಮಾಡಬೇಕು. ಒಂದು ವಾರ ಮಂದ ಬೆಳಕಿನಲ್ಲಿದ್ದರೆ ಹವಳ ಸಾಯುವುದಿಲ್ಲ, ಒಂದು ವಾರ 31 ಡಿಗ್ರಿಯಲ್ಲಿದ್ದರೆ ಉಳಿಯುವ ಭರವಸೆ ಇಲ್ಲ.

ಲೈಟು ಉರಿಸುವ ಸಮಯವನ್ನೂ ನಮ್ಮ ಹವೆಗೆ ಹೊಂದಿಸಿಕೊಳ್ಳಬೇಕು. ಏಪ್ರಿಲ್‌ನಲ್ಲಿ ಈ ಪ್ರಸ್ಥಭೂಮಿಯ ಹಗಲು 35 ಡಿಗ್ರಿ ಮುಟ್ಟಿದರೂ ರಾತ್ರಿ 21ರ ಆಸುಪಾಸಿಗೆ ಇಳಿಯುತ್ತದೆ. ಹಾಗಿರುವಾಗ ಬೆಳಿಗ್ಗೆ ಹತ್ತರಿಂದ ಸಂಜೆ ಏಳರವರೆಗೆ ಲೈಟು ಹಾಕಿ ಬಿಸಿಲಿನ ಮೇಲೆ ಇನ್ನಷ್ಟು ಬಿಸಿ ಹೇರುವುದೇಕೆ? ಸಂಜೆ ನಾಲ್ಕೂವರೆಗೆ ಶುರುವಾಗಿ ನಡುರಾತ್ರಿ ದಾಟಿ ಆರಿದರೆ ಹವಳಕ್ಕೇನೂ ಕೊರತೆಯಿಲ್ಲ. ಹೊಲದಿಂದಲೋ ಕಚೇರಿಯಿಂದಲೋ ಮನೆಗೆ ಬಂದವರು ಅದನ್ನು ಕಣ್ತುಂಬ ನೋಡುವುದೂ ಆ ಹೊತ್ತಿನಲ್ಲೇ.

ಲೈಟಿನ ಜಾತಿಯಲ್ಲಿ ಇಂದು ಎರಡು ಮಾತಿಲ್ಲ. ಒಂದು ಕಾಲದಲ್ಲಿ ಹವಳ ಸಾಕುವವರೆಲ್ಲ ನಂಬಿದ್ದ ಮೆಟಲ್ ಹ್ಯಾಲೈಡ್ ದೀಪ ಸೊಗಸಾದ ಬೆಳಕು ಕೊಡುತ್ತಿತ್ತು, ನಿಜ. ಈ ತೊಟ್ಟಿಗೆ 250 ವ್ಯಾಟಿನ ಎರಡು ಬೇಕಾಗುತ್ತಿದ್ದವು, ಮತ್ತು ಬೆಳಕಿನ ಜತೆಗೆ ಕಾವನ್ನೂ ನೇರ ನೀರಿನ ಮೇಲೆ ಸುರಿಯುತ್ತಿದ್ದವು. ಅದೇ ಕೆಲಸಕ್ಕೆ ಈಗ 200 ವ್ಯಾಟ್ ಆಸುಪಾಸಿನ ಎಲ್‌ಇಡಿ ಸಾಕು. ಅದರ ಬಿಸಿ ಬೆನ್ನ ಮೇಲಿನ ಲೋಹದ ಪಟ್ಟಿಗಳಿಂದ ಮೇಲಿನ ಗಾಳಿಗೆ ಹೋಗುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಹ್ಯಾಲೈಡ್ ತಂದು, ಅದರ ಬಿಸಿ ಇಳಿಸಲು ನೀರು ತಂಪು ಮಾಡುವ ಚಿಲ್ಲರ್ ಕೊಳ್ಳುವುದು ಮೈಸೂರು ಸೀಮೆಯಲ್ಲಿ ಯಾವ ರೀತಿಯಿಂದಲೂ ಸಮರ್ಥನೀಯವಲ್ಲ. ಪಂಪುಗಳನ್ನೂ ಮರೆಯಬಾರದು. ನೀರೊಳಗೆ ಮುಳುಗಿದ ಪಂಪು ತಿನ್ನುವ ಕರೆಂಟೆಲ್ಲ ಕೊನೆಗೆ ನೀರಿನ ಬಿಸಿಯೇ. ಒಟ್ಟು 100 ವ್ಯಾಟಿನ ಪಂಪುಗಳು ದಿನಪೂರ್ತಿ ತಿರುಗಿದರೆ, ಬಿಸಿ ಹೊರಹೋಗಲು ದಾರಿಯಿಲ್ಲದಿದ್ದಲ್ಲಿ, ಈ ತೊಟ್ಟಿಯನ್ನು ಮೂರೂವರೆ ಡಿಗ್ರಿ ಏರಿಸಬಲ್ಲವು.

ದಾರಿ ಮಾಡಿಕೊಡುವುದೇ ತಂಪಿನ ಕೆಲಸ. ಈ ವಿಷಯದಲ್ಲಿ ಮಿರ್ಲೆ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯವರು ಕರಾವಳಿಯವರಿಗಿಂತ ಅದೃಷ್ಟವಂತರು.

ಒಂದು ಲೀಟರ್ ನೀರು ಆವಿಯಾಗಿ ಹೋದರೆ ಸುಮಾರು ಮೂರನೇ ಎರಡು ಯೂನಿಟ್‌ನಷ್ಟು ಬಿಸಿಯನ್ನು ಹೊತ್ತೊಯ್ಯುತ್ತದೆ. 566 ಲೀಟರಿನ ತೊಟ್ಟಿಯಲ್ಲಿ ಅದು ಹೆಚ್ಚುಕಡಿಮೆ ಒಂದು ಡಿಗ್ರಿ. ಅಷ್ಟೇ ತಂಪನ್ನು ಐಸಿನಿಂದ ಪಡೆಯಬೇಕಾದರೆ ಐದು ಕಿಲೋಗೂ ಹೆಚ್ಚು ಐಸು ಕರಗಬೇಕು. ನೀರಿನ ಮೇಲ್ಮೈಗೆ ಅಡ್ಡಡ್ಡವಾಗಿ ಬೀಸುವ ಎರಡು ಮೂರು ಸಣ್ಣ ಫ್ಯಾನುಗಳು, ಎಲ್ಲ ಸೇರಿ 20 ವ್ಯಾಟ್ ಕೂಡ ತಿನ್ನದೆ, ದಿನಕ್ಕೆ ಹಲವು ಲೀಟರ್ ಆವಿ ಎಬ್ಬಿಸುತ್ತವೆ. ಆದರೆ ಗಾಳಿ ಒಣಗಿರಬೇಕು. 35 ಡಿಗ್ರಿಯ, ಶೇ 28ರಷ್ಟೇ ತೇವಾಂಶವಿರುವ ಬಯಲುಸೀಮೆಯ ಮಧ್ಯಾಹ್ನದಲ್ಲಿ ಆವಿಯಾಗುವಿಕೆ ನೀರನ್ನು ತಾತ್ವಿಕವಾಗಿ 22 ಡಿಗ್ರಿಯ ಹತ್ತಿರದವರೆಗೂ ಎಳೆಯಬಲ್ಲದು. ಮಂಗಳೂರಿನಂಥ ಕಡೆ 34 ಡಿಗ್ರಿ, ಶೇ 65 ತೇವಾಂಶ ಇದ್ದಾಗ ಅದೇ ಮಿತಿ 28. ಅಲ್ಲಿ ಫ್ಯಾನು ಎಷ್ಟು ತಿರುಗಿದರೂ ಹವಳಕ್ಕೆ ಬೇಕಾದ 25-27 ಡಿಗ್ರಿ ಸಿಗದು, ಚಿಲ್ಲರ್ ಅನಿವಾರ್ಯ. ಕಡಲಿನ ಪಕ್ಕದಲ್ಲಿ ಕಷ್ಟವಾದ ಕೆಲಸ ಕಡಲಿನಿಂದ ದೂರದ ಒಳನಾಡಿನಲ್ಲಿ ಸುಲಭವಾಗುತ್ತದೆ.

ಫ್ಯಾನಿಗೂ ಕಟ್ಟಳೆಗಳಿವೆ. ತೊಟ್ಟಿಯ ಮೇಲೆ ಗಾಜಿನ ಮುಚ್ಚಳ ಹಾಕಿದರೆ ಆವಿಗೆ ಬಾಗಿಲು ಮುಚ್ಚಿದಂತೆ. ಮೀನು ಹಾರದಿರಲು ಬಲೆ ಸಾಕು. ಕಿಟಕಿ ತೆರೆದಿರಬೇಕು, ಇಲ್ಲದಿದ್ದರೆ ಕೋಣೆಯೇ ಒದ್ದೆಯಾಗಿ ತಂಪು ನಿಲ್ಲುತ್ತದೆ. ಆವಿಯಾಗುವುದು ಬರಿಯ ನೀರು, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದದ್ದನ್ನು ಸಿಹಿನೀರಿನಿಂದ ತುಂಬಬೇಕು, ಉಪ್ಪುನೀರಿನಿಂದಲ್ಲ. ಬೋರ್‌ವೆಲ್ ನೀರೂ ಬೇಡ. ಅದರ ಗಡಸುತನ ಮತ್ತು ಗೊಬ್ಬರದ ನೈಟ್ರೇಟ್ ದಿನದಿನಕ್ಕೆ ತೊಟ್ಟಿಯಲ್ಲಿ ಸೇರಿ ಕಲ್ಲುಗಳನ್ನೆಲ್ಲ ಹಸಿರು ಪಾಚಿ ಮುತ್ತುತ್ತದೆ. ಆರ್‌ಓ ನೀರೇ ಆಗಬೇಕು, ಅದು ತಾನಾಗಿ ತುಂಬುವ ವ್ಯವಸ್ಥೆಯೂ ಇರಬೇಕು.

ಹಾಗಾದರೆ ಚಿಲ್ಲರ್ ಬೇಡವೇ? ಕಲ್ಲು ಹವಳವಿದ್ದರೆ ಬೇಕು, ಕಾವಲಿಗೆ. ಫ್ಯಾನು 26 ಡಿಗ್ರಿಗೇ ಶುರುವಾಗಲಿ, ಚಿಲ್ಲರ್ 27 ದಾಟಿದರೆ ಮಾತ್ರ ಏಳಲಿ. ಚಿಲ್ಲರ್ ನೀರಿನಿಂದ ಕಿತ್ತ ಬಿಸಿಯನ್ನೂ ತಾನು ತಿಂದ ಕರೆಂಟಿನ ಬಿಸಿಯನ್ನೂ ಸೇರಿಸಿ ಸುತ್ತಲಿನ ಗಾಳಿಗೆ ಉಗುಳುತ್ತದೆ. ಅದನ್ನು ಅಂದಕ್ಕಾಗಿ ತೊಟ್ಟಿಯ ಕೆಳಗಿನ ಬೀರುವಿನಲ್ಲಿ ಕೂಡಿಹಾಕಿದರೆ ತನ್ನ ಬಿಸಿಯನ್ನು ತಾನೇ ಮತ್ತೆ ಉಣ್ಣುತ್ತದೆ. ಪೈಪನ್ನು ಗೋಡೆಯಾಚೆ ಎಳೆದು ನೆರಳಿರುವ ಜಗಲಿಯಲ್ಲಿ ಇಡುವುದೇ ಸರಿ.

ಡಿಸೆಂಬರ್, ಜನವರಿಯಲ್ಲಿ ಕತೆ ತಿರುಗುತ್ತದೆ. ರಾತ್ರಿ 16 ಡಿಗ್ರಿಗೆ ಇಳಿಯುವ ಈ ಸೀಮೆಯಲ್ಲಿ ಹೀಟರ್ ಇಲ್ಲದೆ ಹವಳ ಸಾಕಲಾಗದು. ಹೀಟರಿನೊಳಗಿನ ಥರ್ಮೋಸ್ಟಾಟ್ ಆನ್ ಆದಲ್ಲೇ ಕಚ್ಚಿಕೊಂಡು ತೊಟ್ಟಿಯನ್ನೇ ಬೇಯಿಸಿಬಿಡುವ ಅಪಾಯ ಇದ್ದೇ ಇದೆ. ಅದಕ್ಕೆ ಹೊರಗಿನಿಂದ ಇನ್ನೊಂದು ನಿಯಂತ್ರಕ ಬೇಕು. ಹೀಟರ್ ನಿಲ್ಲುವ ಅಂಕಿಗೂ ಫ್ಯಾನು ಶುರುವಾಗುವ ಅಂಕಿಗೂ ನಡುವೆ ಒಂದು ಡಿಗ್ರಿಯಾದರೂ ಅಂತರವಿರಲಿ. ಹುಣಸೂರು, ಪಿರಿಯಾಪಟ್ಟಣದ ರೈತರಿಗೆ ಈ ಎಚ್ಚರ ಹೊಸದಲ್ಲ. ಹೊಗೆಸೊಪ್ಪು ಹದ ಮಾಡುವಾಗ ಬ್ಯಾರನ್ ಮುಂದೆ ರಾತ್ರಿಯೆಲ್ಲ ಎದ್ದು ಥರ್ಮಾಮೀಟರ್ ನೋಡುವವರಿಗೆ, ಬಿಸಿ ಸ್ವಲ್ಪ ತಪ್ಪಿದರೂ ಮಾಲು ಕೆಡುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ.

ಕರೆಂಟು ಹೋದಾಗ ಮೊದಲು ಬರುವ ಆಪತ್ತು ಬಿಸಿಯದಲ್ಲ, ಉಸಿರಿನದು. 25 ಡಿಗ್ರಿಯ ಕಡಲ ನೀರು ಲೀಟರಿಗೆ ಹೆಚ್ಚೆಂದರೆ ಸುಮಾರು 6.7 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ, 30 ಡಿಗ್ರಿಯಲ್ಲಿ ಅದು 6.2ಕ್ಕೆ ಇಳಿಯುತ್ತದೆ. ನೀರು ಕದಲದೆ ನಿಂತರೆ ಮೀನುಗಳು ಆ ಅಲ್ಪವನ್ನೂ ಬೇಗ ಮುಗಿಸಿಬಿಡುತ್ತವೆ. ಅನೇಕ ಮನೆಗಳಲ್ಲಿರುವ 150 ಆಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರ್ 30 ವ್ಯಾಟಿನ ಒಂದು ಅಲೆ ಪಂಪನ್ನು ಒಂದು ದಿನಕ್ಕೂ ಹೆಚ್ಚು ತಿರುಗಿಸಬಲ್ಲದು. ಆ ಲೈನಿಗೆ ಪಂಪು ಮತ್ತು ಫ್ಯಾನು ಮಾತ್ರ ಸೇರಲಿ, ಲೈಟೂ ಬೇಡ, ಚಿಲ್ಲರೂ ಬೇಡ.

ಖರ್ಚನ್ನು ಮುಚ್ಚಿಡಬಾರದು. 200 ವ್ಯಾಟಿನ ಲೈಟು ಒಂಬತ್ತು ಗಂಟೆ, 100 ವ್ಯಾಟಿನ ಪಂಪುಗಳು ಹಗಲಿರುಳು, ಜತೆಗೆ ಫ್ಯಾನು ಎಂದರೆ ತಿಂಗಳಿಗೆ 130 ಯೂನಿಟ್ ದಾಟುತ್ತದೆ. 300 ವ್ಯಾಟಿನ ಚಿಲ್ಲರ್ ದಿನಕ್ಕೆ ಹತ್ತು ಗಂಟೆ ಓಡಿದರೆ 220. ಮನೆಯ ದೀಪ, ಫ್ರಿಜ್, ಟಿವಿ ಇನ್ನೂ ಬೇರೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ 200 ಯೂನಿಟ್ ಮಿತಿಯೊಳಗೆ ಈ ಹವ್ಯಾಸ ಹಿಡಿಸುವುದು ಕಷ್ಟ. ಇದು ತಿಳಿದೇ ಕೈಹಾಕಬೇಕು. ಬಿಲ್ಲಿಗೆ ಅಂಜಿ ಮೇ ತಿಂಗಳಲ್ಲಿ ಚಿಲ್ಲರ್ ಆರಿಸುವ ಮನೆಗೆ ಕಲ್ಲು ಹವಳ ಬರಲೇಬಾರದು.

ಕಾನೂನಿನ ಮಾತೂ ಇದೆ. ಕಲ್ಲು ಹವಳಗಳೆಲ್ಲವನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಮುರ್ಡೇಶ್ವರದಾಚೆಯ ನೇತ್ರಾಣಿಯಿಂದಾಗಲಿ, ಮನ್ನಾರ್ ಕೊಲ್ಲಿ, ಲಕ್ಷದ್ವೀಪದಿಂದಾಗಲಿ ಒಂದು ತುಂಡು ಕಿತ್ತು ತಂದರೂ ಅದು ಅಪರಾಧ. ಹೊರದೇಶದಿಂದ ಬಂದ ಕಲ್ಲು ಹವಳಕ್ಕೆ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪರವಾನಗಿ ಬೇಕು. ಆ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳನ್ನು ಸಾಕುವವರು ನೋಂದಾಯಿಸಿಕೊಳ್ಳಬೇಕೆಂದು 2024ರಲ್ಲಿ ಕೇಂದ್ರ ಸರ್ಕಾರ ನಿಯಮವನ್ನೇ ತಂದಿದೆ. ಕಾಗದ ತೋರಿಸದ ಅಂಗಡಿಯಿಂದ ಕೊಂಡವನು ಲಕ್ಷದ್ವೀಪದಲ್ಲಿ ಉಳಿದ ಆ ಶೇ 20ಕ್ಕೂ ಕಡಿಮೆ ಹವಳದಲ್ಲೂ ಪಾಲು ಕಿತ್ತುಕೊಂಡಿರಬಹುದು. ಹೊಸಬರಿಗೆ ಮೆತ್ತನೆಯ ಹವಳಗಳು, ತೊಟ್ಟಿಯಲ್ಲೇ ಮರಿ ಮಾಡಿಸಿದ ಕ್ಲೌನ್ ಮೀನುಗಳು ಸಾಕು. ಕ್ಲೌನ್ ಮೀನುಗಳನ್ನು ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಿದ್ಧಪಡಿಸಿದೆ.

ದೊಡ್ಡ ತೊಟ್ಟಿ ಇಡುವ ಮನಸ್ಸಿರುವವರಲ್ಲಿ ಒಂದು ಕೋರಿಕೆ. ತೊಟ್ಟಿ ಕಟ್ಟಿಸಿ, ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಕಡಲುಪ್ಪಿನ ಮಿಶ್ರಣ ಕದಡಿ, ಕಲ್ಲು ಮರಳು ಹಾಕಿ, ಲೈಟು, ಪಂಪು, ಫ್ಯಾನುಗಳನ್ನೆಲ್ಲ ಓಡಿಸಿ. ಮಾರ್ಚ್‌ನಿಂದ ಮೇ ಕೊನೆಯವರೆಗೆ ದಿನಕ್ಕೆರಡು ಸಲ ನೀರಿನ ಬಿಸಿ ಬರೆದಿಡಿ. ಆ ಪಟ್ಟಿಯಲ್ಲಿ 28 ದಾಟಿದ ದಿನವಿಲ್ಲ ಎಂದಾದ ಮೇಲೆ, ಜೂನ್ ಮಳೆ ಬಿದ್ದ ನಂತರ, ಮೊದಲ ಹವಳವನ್ನು ಮನೆಗೆ ತನ್ನಿ.