ನಿಶ್ಚಿತಾರ್ಥದ ಉಂಗುರ: ಪ್ಲಾಟಿನಮ್ಮೋ, ಬಿಳಿ ಚಿನ್ನವೋ?

ತಾಂಬೂಲ ಬದಲಾಯಿಸಿಕೊಳ್ಳುವುದರ ಜೊತೆಗೆ ಉಂಗುರ ಬದಲಾಯಿಸಿಕೊಳ್ಳುವುದೂ ಈಗ ನಮ್ಮ ನಿಶ್ಚಿತಾರ್ಥಗಳಲ್ಲಿ ವಾಡಿಕೆಯಾಗಿದೆ. ಹುಡುಗ-ಹುಡುಗಿಗೆ ಬೆಳ್ಳಗಿನ ಲೋಹದಲ್ಲಿ ವಜ್ರ ಕೂರಿಸಿದ ಉಂಗುರ ಬೇಕು. ಮನೆಯ ಅಜ್ಜಿಗೆ ಅದು ಬೆಳ್ಳಿಯಂತೆ ಕಾಣುತ್ತದೆ, ಅದು ಬೇರೆ ಮಾತು. ಅಂಗಡಿಯವರು ಎರಡು ಉಂಗುರ ತಂದಿಡುತ್ತಾರೆ, ಒಂದು ಪ್ಲಾಟಿನಂ, ಇನ್ನೊಂದು ವೈಟ್ ಗೋಲ್ಡ್. ನೋಡಿದರೆ ಹೆಚ್ಚೇನೂ ವ್ಯತ್ಯಾಸವಿಲ್ಲ. ಅಂಗೈ ಮೇಲೆ ಇಟ್ಟುಕೊಂಡರೆ ಮಾತ್ರ ಒಂದು ಸ್ಪಷ್ಟವಾಗಿ ಭಾರ.

ಆ ಭಾರದಿಂದಲೇ ಶುರು ಮಾಡೋಣ, ಏಕೆಂದರೆ ಬಿಲ್ಲಿನ ಗೊಂದಲವೆಲ್ಲ ಅಲ್ಲಿಂದಲೇ ಹುಟ್ಟುವುದು. ಒಡವೆಗೆ ಬಳಸುವ ಪ್ಲಾಟಿನಂ ಸಾಮಾನ್ಯವಾಗಿ ನೂರಕ್ಕೆ 95ರಷ್ಟು ಶುದ್ಧ. ವೈಟ್ ಗೋಲ್ಡ್ ಹೆಚ್ಚಾಗಿ 18 ಕ್ಯಾರೆಟ್, ಅಂದರೆ ನೂರಕ್ಕೆ 75 ಭಾಗ ಚಿನ್ನ. ಉಳಿದ ಕಾಲು ಭಾಗ ನಿಕ್ಕಲ್, ಪಲ್ಲಾಡಿಯಂ, ಬೆಳ್ಳಿ, ಸತು ಇತ್ಯಾದಿ. ಒಂದೇ ಅಳತೆಯ, ಒಂದೇ ವಿನ್ಯಾಸದ ಉಂಗುರ ವೈಟ್ ಗೋಲ್ಡ್‌ನಲ್ಲಿ 4 ಗ್ರಾಂ ತೂಗಿದರೆ ಪ್ಲಾಟಿನಮ್ಮಿನಲ್ಲಿ ಹೆಚ್ಚುಕಡಿಮೆ 5.3 ಗ್ರಾಂ ಆಗುತ್ತದೆ. ಮೊದಲನೆಯದರಲ್ಲಿ ಇರುವುದು 3 ಗ್ರಾಂ ಅಪರಂಜಿ, ಎರಡನೆಯದರಲ್ಲಿ ಸುಮಾರು 5 ಗ್ರಾಂ ಶುದ್ಧ ಪ್ಲಾಟಿನಂ. ಆದ್ದರಿಂದ ಗ್ರಾಮಿನ ದರವನ್ನಷ್ಟೇ ಹೋಲಿಸಿದರೆ ಲೆಕ್ಕ ತಪ್ಪುತ್ತದೆ, ಇಡೀ ಉಂಗುರದ ಬೆಲೆಯನ್ನೇ ಕೇಳಬೇಕು. ಪ್ಲಾಟಿನಂ ಎಂದರೆ ಚಿನ್ನಕ್ಕಿಂತ ದುಬಾರಿ ಎಂಬ ನಂಬಿಕೆಯೂ ಹಳತಾಯಿತು. 2008ರಲ್ಲಿ ಅದು ಚಿನ್ನದ ಎರಡರಷ್ಟು ಬೆಲೆ ಬಾಳುತ್ತಿತ್ತು ನಿಜ. 2015ರಿಂದ ಈಚೆಗೆ ಗ್ರಾಮಿನ ಲೆಕ್ಕದಲ್ಲಿ ಚಿನ್ನವೇ ಮುಂದೆ. ಆದರೂ ಪ್ಲಾಟಿನಂ ಉಂಗುರ ಅಗ್ಗವಾಗಿ ಸಿಗದಿರಲು ಕಾರಣ ಮಜೂರಿ. ಚಿನ್ನ 1,064 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಪ್ಲಾಟಿನಮ್ಮಿಗೆ 1,768 ಡಿಗ್ರಿ ಬೇಕು. ಅದಕ್ಕೆ ಬೇರೆಯದೇ ಮೂಸೆ, ಬೇರೆಯದೇ ಉಪಕರಣ, ಬೇರೆಯದೇ ಕೈ.

ಇನ್ನು ಬಣ್ಣ. ವೈಟ್ ಗೋಲ್ಡ್ ಬರಿಮೈಯಲ್ಲಿ ಅಷ್ಟೇನೂ ಬಿಳಿಯಲ್ಲ, ತುಸು ಹಳದಿ ಅಥವಾ ಬೂದು ಛಾಯೆ ಇರುತ್ತದೆ. ಅಂಗಡಿಯಲ್ಲಿ ಕಾಣುವ ಫಳಫಳ ಹೊಳಪು ಅದರ ಮೇಲಿನ ರೋಡಿಯಂ ಲೇಪದ್ದು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದೆವಲ್ಲ, ಹಾಗೆಯೇ ಇದೂ ಸವೆಯುತ್ತದೆ, ಮತ್ತೆ ಹಾಕಿಸಬೇಕು. ದಿನವೂ ತೊಡುವ ಉಂಗುರಕ್ಕೆ ಒಂದೆರಡು ವರ್ಷಕ್ಕೊಮ್ಮೆ ಈ ಕೆಲಸ ಬೀಳುತ್ತದೆ. ಮೊದಲು ಬಣ್ಣ ಬಿಡುವುದು ಉಂಗುರದ ಅಂಗೈ ಕಡೆಯ ಭಾಗ. ಬೈಕಿನ ಹ್ಯಾಂಡಲ್, ಪಾತ್ರೆ ತಿಕ್ಕುವ ನಾರು, ಬಸ್ಸಿನ ಕಂಬಿ ಎಲ್ಲ ತಾಗುವುದು ಅಲ್ಲಿಯೇ. ಪ್ಲಾಟಿನಮ್ಮಿಗೆ ಈ ಲೇಪದ ಹಂಗಿಲ್ಲ. ಅದರ ಬಿಳುಪು ಅದರದೇ.

ಹಾಗಂತ ಪ್ಲಾಟಿನಮ್ಮಿಗೆ ಗೀರು ಬೀಳುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಿಕ್ಕಲ್ ಬೆರೆಸಿದ ವೈಟ್ ಗೋಲ್ಡ್ ಪ್ಲಾಟಿನಮ್ಮಿಗಿಂತ ಗಡುಸು. ಪ್ಲಾಟಿನಮ್ಮಿನ ಗುಣ ಬೇರೆ: ಗೀರು ಬಿದ್ದಾಗ ಲೋಹ ಹೆಚ್ಚಾಗಿ ಉದುರಿ ಹೋಗುವುದಿಲ್ಲ, ಪಕ್ಕಕ್ಕೆ ಸರಿದು ಅಲ್ಲೇ ಕೂರುತ್ತದೆ. ವರ್ಷ ಕಳೆದಂತೆ ಮೈಮೇಲೆ ಮಂಕಾದ ಒಂದು ಹದ ಬರುತ್ತದೆ. ಕೆಲವರಿಗೆ ಅದೇ ಇಷ್ಟ, ಬೇಡವೆನಿಸಿದರೆ ಪಾಲಿಶ್ ಮಾಡಿಸಬಹುದು. ಚಿನ್ನ ಹಾಗಲ್ಲ, ಉಜ್ಜಿದಷ್ಟೂ ಕಣಕಣವಾಗಿ ಸವೆಯುತ್ತದೆ. ಇದು ಮುಖ್ಯವಾಗುವುದು ವಜ್ರವನ್ನು ಹಿಡಿದಿರುವ ಪುಟ್ಟ ಉಗುರುಗಳ ವಿಷಯದಲ್ಲಿ. ಚಿನ್ನದ ಉಗುರು ತೆಳುವಾದರೆ ಒಂದು ದಿನ ಹರಳು ಎಲ್ಲಿ ಬಿತ್ತೆಂದೇ ತಿಳಿಯುವುದಿಲ್ಲ. ಪ್ಲಾಟಿನಮ್ಮಿನ ಉಗುರು ಏಟಿಗೆ ಬಾಗಬಹುದು, ಬೇಗ ಸವೆದು ಮುರಿಯುವುದಿಲ್ಲ. ಕೊಹಿನೂರ್ ವಜ್ರ ಕೂರಿಸಿರುವ 1937ರ ಬ್ರಿಟಿಷ್ ರಾಣಿಯ ಕಿರೀಟದ ಚೌಕಟ್ಟು ಪ್ಲಾಟಿನಮ್ಮಿನದು.

ನಿಕ್ಕಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಅಗ್ಗದ ಓಲೆ ಅಥವಾ ವಾಚಿನ ಪಟ್ಟಿ ತಾಗಿದರೆ ತುರಿಕೆ ಬರುವವರು ವೈಟ್ ಗೋಲ್ಡ್ ಕೊಳ್ಳುವ ಮುನ್ನ ಅದಕ್ಕೆ ಏನು ಬೆರೆಸಿದ್ದಾರೆ ಎಂದು ಕೇಳಲೇಬೇಕು. ಪಲ್ಲಾಡಿಯಂ ಬೆರೆಸಿದ್ದು ಸಿಕ್ಕರೆ ಒಳ್ಳೆಯದು, ಬೆಲೆ ತುಸು ಹೆಚ್ಚು. ಯಾವ ವೈಟ್ ಗೋಲ್ಡ್ ಆದರೂ ಸರಿ, ಬ್ಲೀಚಿಂಗ್ ಪೌಡರ್ ಮುಟ್ಟುವಾಗ, ಈಜುಕೊಳಕ್ಕೆ ಇಳಿಯುವಾಗ ತೆಗೆದಿಡಿ.

ಜಾಹೀರಾತುಗಳು ಹೇಳದ ಒಂದು ಸಂಗತಿಯಿದೆ. ಉಂಗುರ ಬಿಗಿಯಾಗುತ್ತದೆ. ಮದುವೆಯಾಗಿ ಮಗುವಾದ ಮೇಲಂತೂ ಬಹಳ ಹೆಂಗಸರಿಗೆ ಹಳೆಯ ಅಳತೆ ಹಿಡಿಸುವುದಿಲ್ಲ. ವೈಟ್ ಗೋಲ್ಡ್ ಆದರೆ ಊರಿನ ಅನುಭವಿ ಅಕ್ಕಸಾಲಿಯೇ ಬೆಸುಗೆ ಹಾಕಿ ಹಿಗ್ಗಿಸಿಯಾನು, ರೋಡಿಯಂ ಲೇಪಕ್ಕೆ ಮಾತ್ರ ದೊಡ್ಡ ಅಂಗಡಿಗೆ ಹೋಗಬೇಕು. ಪ್ಲಾಟಿನಮ್ಮನ್ನು ಅವನ ಊದುಕೊಳವೆಯ ಬೆಂಕಿ ಕರಗಿಸಲಾರದು. ಬೆಂಗಳೂರಿನಲ್ಲಿ ಇರುವವರಿಗೆ ಇದು ತೊಂದರೆಯಲ್ಲ, ಸಣ್ಣ ಊರಿನವರು ಯೋಚಿಸಬೇಕು.

ಕಷ್ಟಕಾಲದ ಮಾತೂ ಇದೆ. ಚಿನ್ನವನ್ನು ಯಾವ ಊರಿನಲ್ಲಾದರೂ ಮಾರಬಹುದು, ಅಡ ಇಡಬಹುದು. ಪ್ಲಾಟಿನಂ ಒಡವೆಯನ್ನು ಚಿನ್ನದ ಸಾಲ ಕೊಡುವವರು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಮರಳಿ ಕೊಳ್ಳುವವರು ಹೆಚ್ಚಾಗಿ ಮಾರಿದ ಅಂಗಡಿಯವರೇ. ಗುರುತಿನ ವಿಷಯದಲ್ಲೂ ವ್ಯತ್ಯಾಸವಿದೆ. 2021ರಿಂದ ಹಂತಹಂತವಾಗಿ ಚಿನ್ನದೊಡವೆಗೆ ಬಿಐಎಸ್ ಹಾಲ್‌ಮಾರ್ಕ್ ಕಡ್ಡಾಯವಾಗಿದೆ. ವೈಟ್ ಗೋಲ್ಡ್ ಮೇಲೂ 18 ಕ್ಯಾರೆಟ್ 750 ಎಂಬ ಗುರುತು, ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆಯಾದ ಎಚ್‌ಯುಐಡಿ ಇರಬೇಕು. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ನೀವೇ ಪರೀಕ್ಷಿಸಬಹುದು. ಪ್ಲಾಟಿನಮ್ಮಿಗೆ ಆ ಕಡ್ಡಾಯವಿಲ್ಲ. ಒಳಮೈಯಲ್ಲಿ ಪಿಟಿ 950 ಎಂಬ ಮುದ್ರೆಯನ್ನೂ ಜೊತೆಗೆ ಬರುವ ಗುಣಮಟ್ಟದ ಪತ್ರವನ್ನೂ ನೋಡಿಯೇ ತೆಗೆದುಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದರೆ, ಬೆರಳಿನಿಂದ ತೆಗೆಯದೆ ದಿನವೂ ತೊಡುವವರಿಗೆ, ವಜ್ರಕ್ಕೆ ಹೆಚ್ಚು ಹಣ ಹಾಕುವವರಿಗೆ ಪ್ಲಾಟಿನಂ. ಹಬ್ಬ-ಮದುವೆಗೆ ಮಾತ್ರ ತೊಟ್ಟು ಬೀರುವಿನಲ್ಲಿ ಇಡುವವರಿಗೆ, ಒಡವೆಯನ್ನು ಆಪತ್ಕಾಲದ ಗಂಟೆಂದು ನೋಡುವ ಮನೆಗೆ ವೈಟ್ ಗೋಲ್ಡ್ ಸಾಕು. ಯಾವುದೇ ಕೊಂಡರೂ ಲೋಹದ ತೂಕ, ಹರಳಿನ ತೂಕ, ಮಜೂರಿ ಇವನ್ನು ಬಿಲ್ಲಿನಲ್ಲಿ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಮರಳಿ ಕೊಟ್ಟರೆ ಎಷ್ಟು ಕಡಿತ ಎಂಬುದನ್ನೂ ಅದೇ ಬಿಲ್ಲಿನಲ್ಲಿ ಬರೆಸಿ, ಬಾಯಿಮಾತಿಗೆ ಬಿಡಬೇಡಿ.